ಪಟ್ಟದ ರಾಜನಿಗೊಂದು ಪಾದ

ಕಾಶಿಗೆ ಹೋದವರು ಏನಾದರೊಂದನ್ನು ಬಿಟ್ಟು ಬರಬೇಕು ಅನ್ನುವುದು ನಮ್ಮ ಕಡೆಯ ರೂಢಿ. ಜಾಣರು ಹಾಗಲಕಾಯನ್ನೋ ಸೀಮೆಬದನೆಯನ್ನೋ ಬಿಟ್ಟು ಪುಣ್ಯ ಕಟ್ಟಿಕೊಳ್ಳುತ್ತಾರೆ. ನಮ್ಮ ಕಾಂಪೌಂಡಿನಾಚೆಯ ಅತ್ತೆಯವರದು ಮಾತ್ರ ತರಿಸಿಕೊಳ್ಳುವ ಪಟ್ಟಿ. ಗಂಗೆಯ ಗಿಂಡಿ, ಕಾಶಿದಾರ, ಅಂಗೈಯಗಲದ ಅನ್ನಪೂರ್ಣೆ, ಇವೆಲ್ಲ ಸರಿ. ಕಡೆಗೆ ಗೋಡೆಯ ಮೇಲೆ ಮೊಣಕೈ ಊರಿ, “ಹಾಗೇ ನಮ್ಮ ರಾಜನಿಗೊಂದು ಪಾದ ಸಿಗುತ್ತೇನೋ ನೋಡಿ” ಅಂದರು.

ರಾಜ ಅಂದರೆ ಪಟ್ಟದ ಗೊಂಬೆ. ಗೇಣುದ್ದದ ರಕ್ತಚಂದನದ ಜೋಡಿ. ಅತ್ತೆಯವರ ಅತ್ತೆಗೆ ತವರಿನವರು ಮದುವೆಯಲ್ಲಿ ಕೊಟ್ಟದ್ದು. ರಾಣಿ ಗಟ್ಟಿಮುಟ್ಟಾಗಿದ್ದಾಳೆ. ರಾಜನ ಎಡಪಾದ ಮಾತ್ರ ಅರ್ಧಕ್ಕರ್ಧ ಇಲ್ಲ. ಪ್ರತಿ ನವರಾತ್ರಿ ಯಾರದೋ ಮದುವೆಯ ಕರೆಯೋಲೆಯನ್ನು ನಾಲ್ಕು ಮಡಿಕೆ ಮಾಡಿ ಅಡಿಗಿಡುತ್ತಾರೆ, ಜರಿಪಂಚೆ ಉಡಿಸಿ ಮರೆಮಾಡುತ್ತಾರೆ. ಮೂರನೆಯ ದಿನದ ಹೊತ್ತಿಗೆ ರಾಜ ರಾಣಿಯ ಹೆಗಲಿಗೆ ಒರಗಿರುತ್ತಾನೆ.

ಗೊಂಬೆಗೆ ಬಿಡಿಭಾಗ ಹುಡುಕುವುದು ಹೊಸದೇನಲ್ಲ. ಹಳೆಯ ಜರ್ಮನ್ ಪಿಂಗಾಣಿ ಗೊಂಬೆ ಇಟ್ಟುಕೊಂಡವರಿಗಂತೂ ಅದೇ ಹುಚ್ಚು. ಗೊಂಬೆಯ ಕೂದಲು ಸರಿಸಿದರೆ ಕತ್ತಿನ ಹಿಂದೆ ಕಂಪನಿಯ ಗುರುತೂ ಅಚ್ಚಿನ ನಂಬರೂ ಇರುತ್ತವೆ. ಅರ್ಮಾಂಡ್ ಮಾರ್ಸೇಲ್ ಕಂಪನಿಯ 390 ಅಂದರೆ ಲೋಕಕ್ಕೆಲ್ಲ ಗೊತ್ತು. ಆ ನಂಬರು, ಅಳತೆ ಹಿಡಿದು ಹೊರಟರೆ ಗಾಜಿನ ಕಣ್ಣು, ಟೋಪನ್ನು, ಒಳಗೆ ಕೈಕಾಲು ಜಗ್ಗಿ ಹಿಡಿಯುವ ಎಲಾಸ್ಟಿಕ್ಕು ಎಲ್ಲವೂ ಸಿಕ್ಕಾವು. ಅವು ಹುಟ್ಟಿದ್ದೇ ತುಂಡು ತುಂಡಾಗಿ. ನಮ್ಮ ಕಿನ್ನಾಳದ ಗೊಂಬೆಯಾದರೂ ಪರವಾಗಿಲ್ಲ. ಹಗುರ ಮರಕ್ಕೆ ಹುಣಸೆಬೀಜದ ಅಂಟು ಮೆತ್ತಿ ಮಾಡಿದ ಮೈ, ಚಿತ್ರಗಾರರ ಕೈಗೆ ಕೊಟ್ಟರೆ ಇನ್ನೊಂದು ಮೆತ್ತಿಯಾರು. ಪಟ್ಟದ ಗೊಂಬೆಯದು ಹಾಗಲ್ಲ, ಒಂದೇ ಕೊರಡಿನಲ್ಲಿ ಕಡೆದ ಮೈ. ಬಿಡಿಯೇ ಇಲ್ಲದ್ದಕ್ಕೆ ಬಿಡಿಭಾಗ ಎಲ್ಲಿಂದ ಬರಬೇಕು?

ಹೊಸದಾಗಿ ಕೆತ್ತಿಸೋಣವೆಂದರೆ ರಕ್ತಚಂದನವೇನು ಸಂತೆಯ ಸರಕೇ? ಶೇಷಾಚಲದ ಸುತ್ತಿನ ಬೆಟ್ಟಗಳನ್ನು ಬಿಟ್ಟರೆ ಅದು ತಾನಾಗಿ ಬೆಳೆಯುವ ಕಾಡು ಕಡಿಮೆ. 1995ರಿಂದ ಅಪಾಯದಲ್ಲಿರುವ ಗಿಡಮರ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿ ಬೇರೆ ಸೇರಿದೆ. ಬೆರಳುದ್ದದ ಚೂರು ಕೇಳಿದರೂ ಬಡಗಿಗಳು ಅಕ್ಕಪಕ್ಕ ನೋಡುತ್ತಾರೆ.

ಹೀಗೆ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದ ರಾಜನ ಎರಡು ಪಾದಗಳ ಅಚ್ಚು ಜೇಬಿನಲ್ಲಿಟ್ಟುಕೊಂಡು ಕಾಶಿ ಸೇರಿದೆ. ವಿಶ್ವನಾಥ ಗಲ್ಲಿಯ ಕಡೆ ದೇವರ ಅಲಂಕಾರದ ಅಂಗಡಿಗಳಿವೆ. ಕಿರೀಟ, ಕೊಳಲು, ಅಂಟಿಸುವ ಕಣ್ಣು, ಬೆರಳಿಗೂ ಹಿಡಿಸದ ಬಳೆ ಎಲ್ಲ ಉಂಟು. ಹಾಳೆ ಬಿಚ್ಚಿದ್ದೇ ತಡ, ಅಂಗಡಿಯವನು “ಎಷ್ಟನೇ ನಂಬರ್ ಗೋಪಾಲ?” ಅಂದ. ಅಲ್ಲಿ ಲಡ್ಡು ಗೋಪಾಲನಿಗೂ ಚಪ್ಪಲಿಗಿದ್ದ ಹಾಗೆ ನಂಬರು. ರಾಜನಿಗೆ ನಂಬರಿಲ್ಲ, ಪಾದವೂ ಇಲ್ಲ ಅಂದದ್ದಕ್ಕೆ ಒಂದು ಜೊತೆ ಬೆಳ್ಳಿಬಣ್ಣದ ಪಾದುಕೆ ತೋರಿಸಿದ.

ಅಲ್ಲಿಂದ ಹೆಣ ಸುಡುವ ಮಣಿಕರ್ಣಿಕಾ ಘಾಟಿಗೆ ಇಳಿದೆ. ಮರಕ್ಕೆ ಬರವಿಲ್ಲದ ಜಾಗವೆಂದರೆ ಅದು. ಸೂರಿನೆತ್ತರಕ್ಕೆ ಪೇರಿಸಿದ ಸೌದೆ, ಅದನ್ನು ತೂಗಲು ಆಳೆತ್ತರದ ತಕ್ಕಡಿ, ದೋಣಿಯಿಂದ ದಿಮ್ಮಿ ಹೊತ್ತು ಮೆಟ್ಟಿಲೇರುವ ಕೂಲಿಗಳು. ಒಬ್ಬ ಗಂಧದ ಚಕ್ಕೆಯನ್ನೂ ಮುಂದೆ ಹಿಡಿದ. ಆದರೆ ನೀವೇ ಹೇಳಿ, ಮದುವೆಯಲ್ಲಿ ಬಂದ ಜೋಡಿಗೊಂಬೆಗೆ, ಮುತ್ತೈದೆಯರು ಆರತಿ ಎತ್ತುವ ರಾಜನಿಗೆ, ಮಣಿಕರ್ಣಿಕೆಯ ಚಕ್ಕೆಯೇ? ವಿಷಯ ಅತ್ತೆಯವರ ಕಿವಿಗೆ ಬಿದ್ದಿದ್ದರೆ ನಮ್ಮಿಬ್ಬರ ನಡುವಿನ ಗೋಡೆ ಎರಡಡಿ ಏರುತ್ತಿತ್ತು.

ಪಾದಕ್ಕೂ ಅಲ್ಲಿ ಕೊರತೆಯಿಲ್ಲ, ವಿಷ್ಣುವಿನ ಚರಣಪಾದುಕೆ ಕಲ್ಲಿನಲ್ಲೇ ಇದೆ. ಪಕ್ಕದಲ್ಲಿ ಅವನೇ ಚಕ್ರದಿಂದ ತೋಡಿದನೆನ್ನುವ ಕುಂಡ. ಅವನ ತಪಸ್ಸು ಕಂಡು ಬೆರಗಾದ ಶಿವ ತಲೆದೂಗಿದಾಗ ಕಿವಿಯ ಮಣಿಕುಂಡಲ ಕಳಚಿ ಬಿದ್ದದ್ದು ಅಲ್ಲೇ ಅಂತೆ. ಕೆಳಗೆ ನದಿಯಂಚಿನಲ್ಲಿ ಮೊಣಕಾಲುದ್ದ ನೀರಿಗಿಳಿದ ಕೆಲವರು ಚಿತೆಯ ಬೂದಿಯನ್ನು ತಟ್ಟೆಯಲ್ಲಿ ಜಾಲಿಸುತ್ತಿದ್ದರು. ಬೂದಿ ತೇಲಿ ಹೋಗುತ್ತದೆ, ಇದ್ದಿಲು ಹೋಗುತ್ತದೆ, ಅಡಿಯಲ್ಲಿ ಉಳಿದದ್ದರಲ್ಲಿ ಮೂಗುಬೊಟ್ಟಿನ ಚೂರೋ ಓಲೆಯ ತಿರುಪೋ ಇದ್ದರೆ ಅವರ ಅದೃಷ್ಟ. ಶಿವನ ಕುಂಡಲ ಇವತ್ತಿನವರೆಗೂ ಯಾರ ತಟ್ಟೆಗೂ ಬಂದಿಲ್ಲ. ಅವನಂತೂ ಹುಡುಕಿದ ಹಾಗೆ ಕಾಣೆ. ನಟರಾಜನ ಮೂರ್ತಿ ನೋಡಿ: ಒಂದು ಕಿವಿಗೆ ಮಕರಕುಂಡಲ, ಇನ್ನೊಂದಕ್ಕೆ ಹೆಂಗಸರ ಓಲೆ. ಅರ್ಧನಾರೀಶ್ವರ ತತ್ತ್ವ ಅನ್ನುತ್ತಾರೆ ಬಲ್ಲವರು. ಒಂದು ಕಳೆದಾಗ ಹೆಂಡತಿಯದನ್ನು ಸಿಕ್ಕಿಸಿಕೊಂಡ ಅನ್ನುತ್ತೇನೆ ನಾನು. ಜೋಡಿ ಹೊಂದಲಿಲ್ಲವೆಂದು ಯಾರೂ ಪೂಜೆ ನಿಲ್ಲಿಸಿಲ್ಲವಲ್ಲ! ಅಲ್ಲೇ ಮಗ್ಗುಲಲ್ಲಿ ರತ್ನೇಶ್ವರ ಮಹಾದೇವನ ಗುಡಿ ನಮ್ಮ ರಾಜನ ಹಾಗೆಯೇ ಒಂದು ಕಡೆಗೆ ವಾಲಿ ನಿಂತಿದೆ. ಜನ ಅದರ ಮುಂದೆ ತಾವೂ ಸೊಟ್ಟಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಮಾರನೆಯ ದಿನ ಖೋಜವಾಂ ಕಡೆಯ ಕಶ್ಮೀರಿಗಂಜಿಗೆ ಹೋದೆ. ಬನಾರಸಿನ ಮರದ ಆಟಿಕೆಯವರು ಇರುವುದು ಅಲ್ಲಿ. ನಮ್ಮ ಚನ್ನಪಟ್ಟಣದ್ದೇ ಕಸುಬು: ಖರಾದು ಅನ್ನುವ ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ಚನ್ನಪಟ್ಟಣದಲ್ಲಿ ಆಲೆ ಮರ, ಬನಾರಸಿನಲ್ಲಿ ಹಿಂದೆ ಕೊರೈಯಾ, ಈಗ ಹೆಚ್ಚಾಗಿ ನೀಲಗಿರಿ. ಮುದುಕರೊಬ್ಬರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ನಮ್ಮ ಖರಾದು ಗುಂಡಗಿರೋದನ್ನೇ ಮಾಡೋದು. ನಿಮ್ಮ ರಾಜನ ಪಾದ ಗುಂಡಗಿದೆಯಾ?” ಅಂದರು. ಆಮೇಲೆ ತಮಗೆ ತಾವೇ ಅನ್ನುವ ಹಾಗೆ, “ಮೋಟು ಕಾಲಿಗೆ ಯಾಕೆ ಸೇರಿಸ್ತೀರಿ? ಉದ್ದ ಕಾಲನ್ನ ಇಳಿಸಿ.” ಒಂದು ಗುಂಡು ಪೀಠ ಕಡೆದರು, ಕೆಂಪು ಹಳದಿ ಅರಗು ಹತ್ತಿಸಿದರು, ಉಳಿ ಹಿಡಿದು ಬಲಪಾದದ ಅಚ್ಚಿನಷ್ಟಕ್ಕೆ ಒಂದು ಗುಳಿ ತೋಡಿದರು. ಒಳ್ಳೆಯ ಕಾಲು ಗುಳಿಯಲ್ಲಿ ಕೂತರೆ ಮೋಟು ಕಾಲು ತಾನಾಗಿ ನೆಲ ಮುಟ್ಟುತ್ತದೆ. ಇಷ್ಟು ಸುಲಭದ ಲೆಕ್ಕ ನಮ್ಮ ಬೀದಿಯ ಇಬ್ಬರು ಎಂಜಿನಿಯರುಗಳಿಗೆ ಹೊಳೆದಿರಲಿಲ್ಲ.

ಊರಿಗೆ ಬಂದು ಪೀಠವನ್ನು ಗೋಡೆಯಾಚೆ ದಾಟಿಸಿದೆ. ರಾಜ ಅಲುಗದೆ ನಿಂತ. ಆಮೇಲೆ ಸಾವಕಾಶವಾಗಿ ಕೇಳಿದೆ: “ಅಂದ ಹಾಗೆ ಕಾಲು ಮುರಿದದ್ದು ಹೇಗೆ?”

“ಮುರಿದದ್ದಲ್ಲ ಕಣ್ರೀ, ತೇದದ್ದು!”

ಮಕ್ಕಳಿಗೆ ಮಂಗನಬಾವು ಬಂದರೆ, ಬಿದ್ದು ಊದಿಸಿಕೊಂಡರೆ, ಅವರ ಅತ್ತೆ ಪೆಟ್ಟಿಗೆಯಿಂದ ರಾಜನನ್ನು ಎಬ್ಬಿಸಿ ಸಾಣೆಕಲ್ಲಿನ ಮೇಲೆ ಎಡಗಾಲು ತೇದು ಪಟ್ಟು ಹಾಕುತ್ತಿದ್ದರಂತೆ. ರಕ್ತಚಂದನ ತಂಪಲ್ಲವೇ! ರಾಣಿಯನ್ನು ತೇಯಬಾರದು, ಮನೆಯ ಲಕ್ಷ್ಮಿ. ರಾಜನಾದರೆ ಪ್ರಜೆಗಳಿಗೆ ಆಗಬೇಕಾದವನು. ಅಂದರೆ ನಾನು ಕಾಶಿಯಲ್ಲಿ ಹುಡುಕಿದ ಪಾದ ನಾಲ್ಕು ಮಕ್ಕಳ ಕೆನ್ನೆಗೆ ಯಾವತ್ತೋ ಖರ್ಚಾಗಿತ್ತು. ಆ ಕೆನ್ನೆಗಳಲ್ಲೊಂದು ಈಗ ಹುಬ್ಬಳ್ಳಿಯಲ್ಲಿ ಬ್ಯಾಂಕಿನಲ್ಲಿದೆ, ಇನ್ನೊಂದು ಅಮೆರಿಕದಲ್ಲಿ.

ಹಳೆಯ ಗೊಂಬೆ ಇರುವವರಿಗೆ ನನ್ನದೊಂದೇ ಮಾತು. ಮೂಗು ಹೋಗಿದೆ, ಕಾಲು ಹೋಗಿದೆ ಎಂದು ಉಪ್ಪುಕಾಗದ, ವಾರ್ನಿಷ್ ಡಬ್ಬಿ ಹಿಡಿದು ಹೊರಡುವ ಮುಂಚೆ ಮನೆಯ ಹಿರಿಯರನ್ನು ಕೇಳಿ, ಅದು ಹೋದದ್ದು ಎಲ್ಲಿಗೆ ಎಂದು. ಆಸರೆ ಕೊಡಬೇಕೆಂದರೆ ಬೇಕೆಂದಾಗ ತೆಗೆಯಲು ಬರುವಂಥದ್ದು ಕೊಡಿ. ಹೊಸದು ಹೊಸದಾಗಿಯೇ ಕಾಣಲಿ. ಕೆಂಪುಹಳದಿ ಪೀಠ ಜೋಡಿಗೆ ಒಪ್ಪುವುದಿಲ್ಲ ಎಂದು ಗೊಂಬೆ ನೋಡಲು ಬಂದವರು ಯಾರಾದರೂ ಮೂಗು ಮುರಿದರೆ ನಟರಾಜನ ಕಿವಿ ತೋರಿಸಿ. ಅದಕ್ಕೂ ಒಪ್ಪದಿದ್ದರೆ ಅವರಿಗೆ ಚರಪು ಕೊಡುವಾಗ ಕಡಲೆ ಉಸಲಿ ಸ್ವಲ್ಪ ಕಡಿಮೆ ಹಾಕಿ.