ಕಣ್ಣಳತೆಯ ಲೆಕ್ಕ

ನನ್ನ ಸೊಂಟದ ಅಳತೆ ನನಗೂ ದರ್ಜಿಗೂ ನಡುವಿನ ಗುಟ್ಟು. ಮುಂದೆ ಬೇಕಾದೀತೆಂದು ಪ್ಯಾಂಟಿನ ಒಳಗೆ ಒಂದಿಂಚು ಬಟ್ಟೆ ಬಿಟ್ಟೇ ಹೊಲಿಯುವ ದೂರದೃಷ್ಟಿ ಅವನದು. ಕಣ್ಣಿನ ಪೊರೆ ತೆಗೆಸಲು ಹೋದಾಗ ತಿಳಿಯಿತು, ಕಣ್ಣೊಳಗೆ ಕೂರಿಸುವ ಲೆನ್ಸಿಗೆ ಆ ಸೌಲಭ್ಯವಿಲ್ಲ.

"ಗದ್ದ ಇಲ್ಲಿಡಿ, ಹಣೆ ಒತ್ತಿ, ಕೆಂಪು ದೀಪಾನೇ ನೋಡಿ, ರೆಪ್ಪೆ ಬಡೀಬೇಡಿ ಸಾರ್" ಎಂದಳು ಅಳತೆಯ ಹುಡುಗಿ. ಅರವತ್ತು ವರ್ಷ ತಮ್ಮ ಪಾಡಿಗೆ ಬಡಿದುಕೊಂಡಿದ್ದ ರೆಪ್ಪೆಗಳಿಗೆ ಆ ಕ್ಷಣದಲ್ಲೇ ಸ್ವಾತಂತ್ರ್ಯದ ಹಂಬಲ ಹುಟ್ಟಿತು. ಅಷ್ಟರಲ್ಲಿ ಯಂತ್ರ ಲೆನ್ಸಿನ ಪವರ್ ಲೆಕ್ಕಕ್ಕೆ ಬೇಕಾದ ಕಾರ್ನಿಯಾದ ಬಾಗನ್ನೂ ಕಣ್ಣಿನ ಉದ್ದವನ್ನೂ ಅಳೆದು ಮುಗಿಸಿತ್ತು. ಸಾಮಾನ್ಯವಾಗಿ ಕಣ್ಣಿನ ಉದ್ದ 23-24 ಮಿಲಿಮೀಟರ್. ಅದರಲ್ಲಿ ಒಂದೇ ಒಂದು ಮಿಲಿಮೀಟರ್ ತಪ್ಪಿದರೂ ಪವರ್ ಎರಡೂವರೆ-ಮೂರರಷ್ಟು ಏರುಪೇರು! ಪೊರೆ ತೀರಾ ಬಲಿತಿದ್ದರೆ ಯಂತ್ರದ ಬೆಳಕು ಹಾಯುವುದಿಲ್ಲ. ಶಬ್ದದ ಅಲೆಯಿಂದ ಅಳೆಯಬೇಕು. ಆಗ ಕಣ್ಣಿಗೆ ತಾಗಿಸುವ ಪ್ರೋಬನ್ನು ಕೊಂಚ ಜೋರಾಗಿ ಒತ್ತಿದರೆ ಕಣ್ಣು ಗಿಡ್ಡವೆಂದು ಲೆಕ್ಕವಾಗಿ, ಹೆಚ್ಚು ಪವರಿನ ಲೆನ್ಸ್ ಕೂತು, ದೂರದ್ದೆಲ್ಲ ಮಸುಕಾಗುತ್ತದೆ.

ಈ ಲೆಕ್ಕ ಇಲ್ಲದ ಕಾಲವೂ ಇತ್ತು. 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಕಣ್ಣೊಳಗೆ ಕೃತಕ ಲೆನ್ಸ್ ಕೂರಿಸಿದರು. ಯುದ್ಧವಿಮಾನದ ಪರ್ಸ್‌ಪೆಕ್ಸ್ ಪ್ಲಾಸ್ಟಿಕ್ಕಿನ ಚೂರು ಪೈಲಟ್‌ಗಳ ಕಣ್ಣೊಳಗೆ ತೆಪ್ಪಗೆ ಉಳಿದದ್ದನ್ನು ಕಂಡು, ಲೆನ್ಸಿಗೂ ಅದನ್ನೇ ಆರಿಸಿಕೊಂಡವರು ಅವರು. ಲೆನ್ಸೇನೋ ಕೂತಿತು, ಆದರೆ ಅದನ್ನು ಹಾಕಿಸಿಕೊಂಡ ಮಹಿಳೆಗೆ ಸುಮಾರು ಮೈನಸ್ 18 ಪವರ್ ಬಂತು. ಪೊರೆಯಿಂದ ಬಿಡುಗಡೆ, ಕನ್ನಡಕಕ್ಕೆ ಜೀವಾವಧಿ.

ನನ್ನ ಅಳತೆ ಕೈಗೆ ಬಂದ ಮೇಲೆ ಡಾಕ್ಟರು ಕೇಳಿದರು: "ಒಂದೇ ಫೋಕಸ್ಸಿನ ಲೆನ್ಸ್. ಕನ್ನಡಕ ಇಲ್ಲದೆ ದೂರದ್ದು ಕಾಣಬೇಕೋ, ಹತ್ತಿರದ್ದೋ?"

ನಾನು ಯೋಚಿಸುತ್ತಿರುವಾಗಲೇ ಪಕ್ಕದಿಂದ ಉತ್ತರ ಹೋಯಿತು: "ದೂರಕ್ಕೇ ಇಡಿ ಡಾಕ್ಟ್ರೇ. ಹತ್ತಿರ ಇರೋದನ್ನ ನೋಡೋ ಅಭ್ಯಾಸ ಇವರಿಗೆ ಮೊದಲಿಂದ್ಲೂ ಇಲ್ಲ."

ಮೂವತ್ತೈದು ವರ್ಷದ ಸಂಸಾರದ ವರದಿ ಒಂದೇ ವಾಕ್ಯದಲ್ಲಿ ಮುಗಿಯಿತು. ಯಂತ್ರದ ಅಳತೆಗಿಂತ ಇದೇ ಕರಾರುವಾಕ್ಕು.

ಆಪರೇಶನ್ ಆಯಿತು. ಬಸ್ಸಿನ ಬೋರ್ಡು ದೂರದಿಂದಲೇ ಓದಲು ಬಂತು. ಆಕಾಶದ ನೀಲಿ ಹೊಸದಾಗಿ ಬಳಿದಂತಿತ್ತು. ಪೇಪರ್ ಓದಲು ಮಾತ್ರ ಕನ್ನಡಕ. ಮನೆಯಲ್ಲಿ ಈಜಿಚೇರಿನಲ್ಲಿ ಒರಗಿ ಹೆಮ್ಮೆಯಿಂದ ಘೋಷಿಸಿದೆ: "ಲೇ, ಸೂರಿನ ಮೂಲೇಲಿರೋ ಜೇಡರ ಬಲೆಯ ಎಳೆ ಎಳೆಯೂ ಕಾಣಿಸ್ತಿದೆ ಕಣೇ!"

"ಹೌದಾ? ಕಂಡವರೇ ತೆಗೀರಿ" ಎಂದು ಉದ್ದನೆಯ ಪೊರಕೆ ಕೈಗೆ ಕೊಟ್ಟಳು.