ಅರ್ಹತಾವಿಲಾಪ ಮೀಮಾಂಸೆ: ಪ್ರಥಮ ಪ್ರಕರಣ

ಮೀಸಲಾತಿಯ ಪ್ರಸ್ತಾಪಮಾತ್ರದಿಂದ ಉತ್ಪನ್ನವಾಗಿ, ‘ಮೆರಿಟ್‌ಗೆ ಬೆಲೆಯೇ ಇಲ್ಲ’ ಎಂಬ ವಾಕ್ಯದಲ್ಲಿ ಪರ್ಯವಸಾನ ಹೊಂದುವ ವಾಗ್ವ್ಯಾಪಾರಕ್ಕೆ ಅರ್ಹತಾವಿಲಾಪವೆಂದು ಸಂಜ್ಞೆ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಹಿಂದುಳಿದವರ ಪ್ರಾತಿನಿಧ್ಯ ಕುರಿತ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ ದಿವಾನ್ ವಿಶ್ವೇಶ್ವರಯ್ಯನವರು ತೋರಿದ ಅಸಮ್ಮತಿಯನ್ನು ಕೆಲವರು ಇದರ ಆದಿಮ ನಿದರ್ಶನವೆನ್ನುತ್ತಾರೆ. ಅದು ಅಗ್ರಾಹ್ಯ. ಅವರು ದಿವಾನಗಿರಿಯನ್ನೇ ತ್ಯಜಿಸಿದರು. ವಿಲಾಪಿಯಾದರೋ ಏನನ್ನೂ ತ್ಯಜಿಸನು. ಆದ್ದರಿಂದ ಅವರ ಅಸಮ್ಮತಿ ವಾದ, ವಿಲಾಪವಲ್ಲ.

ವಿಲಾಪವು ತ್ರಿವಿಧ.

1. ಅಂಕಜನ್ಯ. ‘ಇವನಿಗೆ ತೊಂಬತ್ತನಾಲ್ಕು ಬಂದೂ ಸೀಟಿಲ್ಲ, ಅವನಿಗೆ ಅರವತ್ತಕ್ಕೇ ಸಿಕ್ಕಿತು’ ಎಂಬುದು ಇದರ ಸ್ವರೂಪ. ಇದರಲ್ಲಿ ಸ್ವಗತ, ಪುತ್ರಗತ, ಬಂಧುಗತ, ಶ್ರುತಿಗತ ಎಂದು ನಾಲ್ಕು ಉಪಭೇದಗಳು. ಸ್ವಗತದಲ್ಲಿ ಅಂಕಗಳ ಅಂತರ ಅತ್ಯಲ್ಪ. ಮಾರ್ಕ್ಸ್ ಕಾರ್ಡ್ ಮನೆಯ ಬೀರುವಿನಲ್ಲೇ ಇರುವುದು ಕಾರಣ. ಬಂಧುತ್ವ ದೂರವಾದಂತೆ ಅಂತರ ಹಿಗ್ಗುತ್ತದೆ. ‘ನಮ್ಮ ಷಡ್ಡಕರ ತಂಗಿಯ ಓರಗಿತ್ತಿಯ ತಮ್ಮ’ ಎಂಬಲ್ಲಿಗೆ ತಲುಪುವಾಗ ಅದು ಐವತ್ತನ್ನು ದಾಟಿರುತ್ತದೆ, ಪರೀಕ್ಷೆ ಯಾವುದೆಂಬುದು ಲುಪ್ತವಾಗಿರುತ್ತದೆ. ಇದನ್ನು ಬಂಧುದೂರತಾನ್ಯಾಯವೆಂದು ಕರೆಯತಕ್ಕದ್ದು.

2. ಚಿಕಿತ್ಸಾಭೀತಿಜನ್ಯ. ‘ಕೋಟಾ ಡಾಕ್ಟರ ಕೈಗೆ ಹೊಟ್ಟೆ ಕೊಡುವುದು ಹೇಗೆ?’ ಎಂಬ ಪ್ರಶ್ನೆಯಿಂದ ಗುರುತಿಸಲ್ಪಡುತ್ತದೆ. ಇಲ್ಲಿ ಒಂದು ದುರೂಹ ವ್ಯಭಿಚಾರದೋಷವಿದೆ: ಮ್ಯಾನೇಜ್‌ಮೆಂಟ್ ಸೀಟು ಅಥವಾ ಎನ್ನಾರೈ ಕೋಟಾದಲ್ಲಿ ಓದಿದ ವೈದ್ಯನ ಮುಂದೆ ಹೊಟ್ಟೆಯು ನಿರ್ಭೀತವಾಗಿರುತ್ತದೆ. ಕೋಟಾ ಶಬ್ದ ಸಮಾನ, ಫಲ ಭಿನ್ನ. ದ್ರವ್ಯಸಂಯೋಗದಿಂದ ಕೋಟಾತ್ವವು ನಾಶವಾಗುತ್ತದೆಂದು ಸಿದ್ಧಾಂತ. ತಂದೆಯ ವಕೀಲಿ ಕಚೇರಿಯಲ್ಲಿ ಮಗನಿಗೆ ಕಾದಿರುವ ಕುರ್ಚಿಯೂ, ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಗೇಟಿಗೆ ತೂಗಿದ ಬಾಡಿಗೆ ಬೋರ್ಡೂ ಇದೇ ಕಾರಣದಿಂದ ಮೀಸಲಾತಿಯ ಲಕ್ಷಣಕ್ಕೆ ಒಳಪಡವು, ಅವು ಸಂಪ್ರದಾಯಗಳು.

3. ಅವರೋಹಣಾಕಾಂಕ್ಷಾಜನ್ಯ. ಇದು ವ್ಯಕ್ತಿಗತವಲ್ಲ, ಸಮುದಾಯಗತ. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ತಮ್ಮನ್ನು 3ಎ, 3ಬಿಯಿಂದ 2ಎಗೆ ಇಳಿಸಬೇಕೆಂದು ಸಮಾವೇಶ, ಪಾದಯಾತ್ರೆಗಳಲ್ಲಿ ವ್ಯಕ್ತವಾಗುತ್ತದೆ. ಎರಡು ಸಮುದಾಯಗಳು ಏಕಕಾಲಕ್ಕೆ ತಾವೇ ಬಹುಸಂಖ್ಯಾತರೆಂದೂ ತಾವೇ ಅತಿ ಹಿಂದುಳಿದವರೆಂದೂ ಹೇಳುವುದು ಇದರಲ್ಲಿ ದೋಷವಲ್ಲ, ಭೂಷಣ. ವಿಸ್ತಾರ ಅನವಶ್ಯಕ, ಪ್ರತಿ ಚುನಾವಣೆಯೂ ಇದರ ಭಾಷ್ಯವೇ.

ಐವತ್ತರ ಮೇರೆಯ ವಿಷಯ. ಬಾಲಾಜಿ ಪ್ರಕರಣದಲ್ಲಿ (1962) ಮೈಸೂರು ರಾಜ್ಯದ ಶೇ. 68ರ ಮೀಸಲಾತಿಯನ್ನು ಸುಪ್ರೀಂ ಕೋರ್ಟ್ ಒಪ್ಪದಿದ್ದಂದಿನಿಂದ ಶೇ. 50 ವಿಲಾಪಿಗಳಿಗೆ ವೇದವಾಕ್ಯವಾಗಿತ್ತು. 2019ರ 103ನೆಯ ತಿದ್ದುಪಡಿ ಆರ್ಥಿಕವಾಗಿ ಹಿಂದುಳಿದ ಸಾಮಾನ್ಯ ವರ್ಗದವರಿಗೆ ಶೇ. 10 ಕೊಟ್ಟಿತು, 2022ರಲ್ಲಿ ಮೂವರು ನ್ಯಾಯಮೂರ್ತಿಗಳು ಅದನ್ನು ಎತ್ತಿಹಿಡಿದರು, ಇಬ್ಬರು ಭಿನ್ನಮತ ಬರೆದರು. ಅಲ್ಲಿಂದೀಚೆಗೆ ವೇದವಾಕ್ಯವು ಅರ್ಥವಾದವೆಂದು ಪರಿಗಣಿತವಾಗಿದೆ.

ಉಪಶಮ. ವಿಲಾಪಕ್ಕೆ ಶಮನಸ್ಥಾನವು ಒಂದೇ, ನಾಡಕಚೇರಿ. ವಾರ್ಷಿಕ ಆದಾಯ ಎಂಟು ಲಕ್ಷದೊಳಗೆ, ಜಮೀನು ಐದು ಎಕರೆಯೊಳಗೆ, ಫ್ಲ್ಯಾಟು ಸಾವಿರ ಚದರಡಿಯೊಳಗೆ ಎಂದು ಸಾಧಿಸಿ ಆ ಶೇ. 10ರ ಪ್ರಮಾಣಪತ್ರ ಪಡೆಯಲು ಆಧಾರ್, ಪಹಣಿ, ಸಂಬಳದ ಚೀಟಿಗಳ ಜೆರಾಕ್ಸ್ ಹಿಡಿದು ನಿಂತ ವಿಲಾಪಿಯಲ್ಲಿ ಯಾವ ಉಪಭೇದವೂ ಗೋಚರಿಸದು. ಆತನ ಏಕೈಕ ಆಕ್ಷೇಪ ಸರ್ವರ್ ಡೌನ್ ಆಗಿರುವುದರ ಕುರಿತು. ಪ್ರಮಾಣಪತ್ರದ ಸಿಂಧುತ್ವ ಒಂದು ವರ್ಷವಾದ್ದರಿಂದ ಉಪಶಮವೂ ವಾರ್ಷಿಕವೆಂದೇ ಗ್ರಹಿಸತಕ್ಕದ್ದು.