ಎಣ್ಣೆ ಸಂಜೆಗೆ ಉದ್ದದ ಪದ

ಹೊತ್ತು ಮುಳುಗಿದೆ, ಬಾಟ್ಲಿ ಬಂದಿದೆ, ನೆಂಚಿಕೊಳ್ಳಲು ಕಡಲೆಬೀಜವೋ ಬೋಟಿಯೋ ಸಿಕ್ಕಿದೆ, ಹಳೆಯ ಗೆಳೆಯರು ಕಾಲು ಚಾಚಿ ಕೂತಿದ್ದಾರೆ. ಇನ್ನು ಹಾಡು ಯಾವುದು? ಕೊಳ್ಳೇಗಾಲದಲ್ಲಿ ಕೇಳಿ, ಹನೂರಿನಲ್ಲಿ ಕೇಳಿ, ಯಳಂದೂರಿನಲ್ಲಿ ಕೇಳಿ, ಉತ್ತರ ಒಂದೇ: ‘ಒಂದ್ ಒಳ್ಳೆ ಫೀಲಿಂಗ್ ಸಾಂಗ್ ಹಾಕಣ್ಣೋ.’ ಫೀಲಿಂಗ್ ಎಂದರೆ ಇಲ್ಲಿ ದುಃಖ. ಕೈಕೊಟ್ಟ ಹುಡುಗಿ, ಮೋಸ ಮಾಡಿದ ಗೆಳೆಯ, ಊರು ಬಿಟ್ಟ ಮಗ, ಈ ಮೂವರಲ್ಲಿ ಒಬ್ಬರಾದರೂ ಹಾಡಿನಲ್ಲಿ ಇರಲೇಬೇಕು. ಮನೆಯಲ್ಲಿ ಎಲ್ಲ ನೆಟ್ಟಗಿರುವವನೂ ಆ ಹೊತ್ತಿಗೆ ಯಾರಿಂದಲೋ ಮೋಸಹೋದವನ ಮುಖ ಮಾಡಿಕೊಂಡು ಕೂರಬೇಕು. ಈ ಪದ್ಧತಿಗೆ ಆಧಾರವಾವುದೂ ನನಗೆ ಕಾಣುವುದಿಲ್ಲ. ಗುಂಡಿನ ಸಂಜೆಗೆ ಬೇಕಾದದ್ದು ದುಃಖದ ಹಾಡಲ್ಲ, ಉದ್ದದ ಹಾಡು ಎಂಬುದು ನನ್ನ ವಾದ. ಅಂಥ ಉದ್ದ ನಮ್ಮ ಸೀಮೆಯಲ್ಲಿ ರಾತ್ರಿಯಿಡೀ ಹಾಡಿದರೂ ಮುಗಿಯದಷ್ಟಿದೆ.

ಮೊದಲ ಸಾಕ್ಷಿ ಕುಡಿದವನ ಮಾತೇ. ಎರಡನೆಯ ಗ್ಲಾಸಿನ ನಂತರ ಮನುಷ್ಯ ಹೇಗೆ ಮಾತಾಡುತ್ತಾನೆ ಎಂಬುದನ್ನು ಗಮನಿಸಿ. ಒಂದು ಮಾತನ್ನು ಎರಡು ಸಲ ಹೇಳುತ್ತಾನೆ. ಕತೆ ಶುರುಮಾಡಿ ಅರ್ಧದಲ್ಲಿ ದಾಯಾದಿಯ ಜಮೀನಿನ ವ್ಯಾಜ್ಯಕ್ಕೆ ಹೊರಳುತ್ತಾನೆ, ಅಲ್ಲಿಂದ ಮೂವತ್ತು ವರ್ಷದ ಹಿಂದಿನ ಒಂದು ಮದುವೆಯ ಊಟಕ್ಕೆ ಹೋಗುತ್ತಾನೆ, ತಿರುಗಿ ಬಂದು ‘ಎಲ್ಲಿಗ್ ನಿಲ್ಲಿಸಿದ್ದೆ?’ ಎನ್ನುತ್ತಾನೆ. ಎದುರಿಗಿರುವವನ ಕೆಲಸ ಹೂಂಗುಟ್ಟುವುದೊಂದೇ. ಈಗ ಮಂಟೇಸ್ವಾಮಿಯ ಪದ ಹಾಡುವ ನೀಲಗಾರರ ಮೇಳ ನೋಡಿ. ಮುಂದಾಳು ತಂಬೂರಿ ಹಿಡಿದು ಪದ ಎತ್ತುತ್ತಾನೆ. ಗಗ್ಗರ, ತಾಳ, ಡಕ್ಕೆ ಹಿಡಿದ ಹಿಮ್ಮೇಳದವರು ಅದೇ ಸೊಲ್ಲನ್ನು ಮತ್ತೆ ಹಾಡುತ್ತಾರೆ. ನಡುವೆ ಹಾಡು ನಿಂತು ಮಾತು ಬರುತ್ತದೆ, ಮಾತು ಕತೆಯ ಹೊರಗೊಂದು ಸುತ್ತು ಹೊಡೆದು ಮತ್ತೆ ಹಾಡಿಗೆ ಸೇರುತ್ತದೆ. ಮಂಟೇಸ್ವಾಮಿ ಕಾವ್ಯ ಹೀಗೆ ಸಾಲು ಸಾಲಾಗಿ ಸಾಗುತ್ತದೆ: ಕಲ್ಯಾಣದ ಸಾಲು, ರಾಚಪ್ಪಾಜಿ, ದೊಡ್ಡಮ್ಮತಾಯಿ, ಸಿದ್ದಪ್ಪಾಜಿ. ಎಲ್ಲಿ ಬೇಕಾದರೂ ಹೊಕ್ಕು ಎಲ್ಲಿ ಬೇಕಾದರೂ ಹೊರಬರಬಹುದು. ಕೇಳುವವನು ಹತ್ತು ನಿಮಿಷ ತನ್ನ ಕತೆ ಹೇಳಿಕೊಂಡು ಮತ್ತೆ ಕಿವಿಗೊಟ್ಟರೆ ಸಿದ್ದಪ್ಪಾಜಿ ಇನ್ನೂ ಅಲ್ಲೇ ಇರುತ್ತಾನೆ. ಸಿನಿಮಾ ಹಾಡಿಗೆ ಈ ಸೌಜನ್ಯ ಎಲ್ಲಿದೆ? ಹಳೆಯದೊಂದು ನೆನಪು ಗಂಟಲಿನ ತನಕ ಬರುವಷ್ಟರಲ್ಲಿ ನಾಲ್ಕು ನಿಮಿಷ ಮುಗಿದು, ಮುಂದಿನ ಹಾಡಿನಲ್ಲಿ ಯಾರೋ ಕುಣಿಯುತ್ತಿರುತ್ತಾರೆ.

‘ಹಾಗಾದರೆ ಅಣ್ಣಾವ್ರ ಹಾಡು?’ ಎಂಬ ಆಕ್ಷೇಪ ಬಂದೇ ಬರುತ್ತದೆ, ಅದೂ ಸ್ವಲ್ಪ ಏರಿದ ದನಿಯಲ್ಲಿ. ಬರಬೇಕಾದದ್ದೇ. ಗಾಜನೂರಿನ ಮುತ್ತುರಾಜ್ ಅವರ ಪೂರ್ತಿ ಹೆಸರಿನ ತಲೆಯಲ್ಲೇ ಸಿಂಗಾನಲ್ಲೂರು ಕೂತಿದೆ. ಅದು ಕೊಳ್ಳೇಗಾಲ ಸೀಮೆಯ ಊರು. ಅವರಿಗೆ ಪಿ.ಬಿ. ಶ್ರೀನಿವಾಸ್ ದನಿಯಾಗಿದ್ದ ಕಾಲವಾಗಲಿ, 1974ರ ‘ಸಂಪತ್ತಿಗೆ ಸವಾಲ್’ನಿಂದ ಮುಂದಕ್ಕೆ ಅವರೇ ಹಾಡಿಕೊಂಡ ಕಾಲವಾಗಲಿ, ಎರಡರಲ್ಲೂ ತಪ್ಪು ಹುಡುಕುವ ಧೈರ್ಯ ನನಗಿಲ್ಲ. ನನ್ನ ತೊಂದರೆ ಬೇರೆ. ತೆರೆಯ ಮೇಲೆ ಕುಡಿತ, ಸಿಗರೇಟು ಬೇಡವೆಂದು ನಿಯಮ ಇಟ್ಟುಕೊಂಡವರು ಅವರು. ಅಂಥವರ ದನಿಯನ್ನು ನೈಂಟಿಯ ಪಕ್ಕ ಕೂರಿಸಿದರೆ ಗ್ಲಾಸು ಎತ್ತುವ ಕೈಗೆ ಒಂದು ಅಳುಕು ಬರಬೇಕು. ಅಳುಕಿಲ್ಲದೆ ಎತ್ತಿದರೆ ಅಭಿಮಾನ ಸುಳ್ಳು, ಅಳುಕಿನಿಂದ ಇಳಿಸಿದರೆ ಸಂಜೆ ಹಾಳು. ಅವರ ಹಾಡು ಬೆಳಗಿನ ಕಾಫಿಗೆ, ದೂರದ ಬಸ್ ಪ್ರಯಾಣಕ್ಕೆ ಇರಲಿ.

ಇನ್ನು ಸಾಹಿತ್ಯ ಬಲ್ಲವರು ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ತಂದು ಎದುರಿಗಿಡುತ್ತಾರೆ. ಕುಡುಕನಿಗೆ ಕನ್ನಡ ಕಾವ್ಯದಲ್ಲಿ ಗೌರವದ ಪೀಠ ಕೊಟ್ಟ ಪುಸ್ತಕ, ಮೈಸೂರು ಅನಂತಸ್ವಾಮಿ ಕಟ್ಟಿದ ಮಟ್ಟು, ಭಾಷೆಯೂ ನಮ್ಮ ಕಡೆಯದಕ್ಕೆ ಹತ್ತಿರ. ಆದರೆ ಹೆಂಡದ ಮೇಲಿನ ಹಾಡನ್ನು ಹೆಂಡ ಕುಡಿಯುತ್ತ ಕೇಳುವುದು, ಹೋಟೆಲಿನಲ್ಲಿ ಉಣ್ಣುತ್ತ ತಿಂಡಿಪಟ್ಟಿಯನ್ನು ಗಟ್ಟಿಯಾಗಿ ಓದಿದ ಹಾಗೆ. ರತ್ನನ ನಿಜವಾದ ಅಭಿಮಾನಿಗಳು ಸುಗಮ ಸಂಗೀತದ ಸಭಾಂಗಣಗಳಲ್ಲಿ, ಮಡಿಕೆ ಮುರಿಯದ ಜುಬ್ಬಾ ತೊಟ್ಟು, ತಲೆದೂಗಿ, ಬಿಡುವಿನಲ್ಲಿ ಚಹಾ ಕುಡಿಯುವವರು. ಅವರಿಂದ ಅವನನ್ನು ಕಸಿದುಕೊಳ್ಳುವುದು ತರವಲ್ಲ. ಗಜಲ್ ವಿಚಾರ ಬೇಗ ಮುಗಿಸಬಹುದು: ಅರ್ಥವಾಗದ ಕಡೆಯೇ ‘ವಾಹ್’ ಹೆಚ್ಚು ಜೋರಾಗಿ ಬರುತ್ತದೆ.

ತಮಿಳು ಹಾಡಿನ ವಾದಕ್ಕೆ ಮಾತ್ರ ಗಟ್ಟಿ ಚರಿತ್ರೆ ಇದೆ. 1956ರ ನವೆಂಬರ್ 1ರ ತನಕ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಹನೂರು ಅದರೊಳಗೇ ಇತ್ತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರು, ಅಪ್ಪಟ ಮೈಸೂರು. ಹಾಗಾಗಿ ನಮ್ಮ ಹಿರಿಯರ ಹಳೆಯ ನೆನಪಿಗೆ ಎರಡು ರಾಜಧಾನಿ. ಒಬ್ಬರಿಗೆ ದಸರಾ, ಇನ್ನೊಬ್ಬರಿಗೆ ಎಂ.ಕೆ. ತ್ಯಾಗರಾಜ ಭಾಗವತರ್. ಕಣ್ಣದಾಸನ್ ಬರೆದು ಟಿ.ಎಂ. ಸೌಂದರರಾಜನ್ ಹಾಡಿದ್ದು ಪಾಲಾರ್ ಗಡಿಯನ್ನು ಯಾವ ಪರ್ಮಿಟ್ಟೂ ಇಲ್ಲದೆ ದಾಟಿ ಬಂದಿದೆ. ತಮಾಷೆ ಎಂದರೆ, 1948ರಲ್ಲಿ ಮದ್ರಾಸು ಪ್ರಾಂತ್ಯಕ್ಕೆಲ್ಲ ಪಾನನಿಷೇಧ ಹಬ್ಬಿತು. ಆ ಲೆಕ್ಕದಲ್ಲಿ ಕೊಳ್ಳೇಗಾಲದವರು ರಾಜ್ಯ ಬದಲಾಗುವ ತನಕ ಎಂಟು ವರ್ಷ ಏನನ್ನೂ ಕುಡಿದಿಲ್ಲ. ಕುಡಿದ ನೆನಪು ಯಾರಿಗಾದರೂ ಇದ್ದರೆ ಅದು ಕಾನೂನುಬಾಹಿರ ನೆನಪು. ತಮಿಳು ಹಾಡನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದೂ ನಾಲ್ಕು ನಿಮಿಷದ್ದೇ, ಅದರ ಮೇಲೆ ಫೀಲಿಂಗೂ ಸೇರಿದೆ.

ನಿಜವಾದ ಕಷ್ಟದ ಆಕ್ಷೇಪ ಭಕ್ತರದು. ದೇವರ ಪದವನ್ನು ಬಾಟ್ಲಿಯ ಮುಂದೆ ಹಾಕುವುದೇ? ಇದಕ್ಕೆ ಉತ್ತರವನ್ನು ಕಾವ್ಯವೇ ಕೊಟ್ಟಿದೆ. ಮಂಟೇಸ್ವಾಮಿ ಶರಣರನ್ನು ಪರೀಕ್ಷಿಸಲು ಕಲ್ಯಾಣಕ್ಕೆ ಬರುವಾಗ ಹೂವು ಪತ್ರೆ ಹಿಡಿದು ಬರುವುದಿಲ್ಲ. ಹೆಂಡದ ಗಡಿಗೆ, ಮಾಂಸ ಹೊತ್ತು, ನಾರುವ ಮೈಯಲ್ಲಿ ಬರುತ್ತಾರೆ. ಲಕ್ಷದ ಮೇಲೆ ತೊಂಬತ್ತಾರು ಸಾವಿರ ಶರಣರು ಮೂಗು ಮುಚ್ಚಿಕೊಳ್ಳುತ್ತಾರೆ. ಗುರುತು ಹಿಡಿಯುವವರು ಬಸವಣ್ಣ, ನೀಲಮ್ಮ. ಬಾಟ್ಲಿ ಕಂಡೊಡನೆ ಮೂಗು ಮುಚ್ಚಿಕೊಳ್ಳುವ ಸರದಿ ಯಾರದೆಂದು ಕತೆ ಆಗಲೇ ತೀರ್ಮಾನಿಸಿಬಿಟ್ಟಿದೆ. ಜನವರಿಯ ಹುಣ್ಣಿಮೆಗೆ ಶುರುವಾಗುವ ಚಿಕ್ಕಲ್ಲೂರಿನ ಐದು ದಿನದ ಜಾತ್ರೆಯಲ್ಲಿ ಪಂಕ್ತಿಸೇವೆಯ ದಿನ ಸಿದ್ದಪ್ಪಾಜಿಯ ಒಕ್ಕಲು ಮಾಂಸದಡುಗೆ ಮಾಡಿ, ಜಾತಿ ಕೇಳದೆ ಒಟ್ಟಿಗೆ ಕೂತು ಉಣ್ಣುತ್ತಾರೆ. ಹಾಗೆಂದು ನೀಲಗಾರರು ದೀಕ್ಷೆ ಪಡೆದು ಹಾಡುವ ಪದ ಬಾರಿನ ಸರಕೆಂದು ನಾನು ಹೇಳುತ್ತಿಲ್ಲ. ಆ ಪದದ ದೇವರು ಕುಡಿದವನನ್ನು ಜಗಲಿಯಿಂದ ಇಳಿಸುವವನಲ್ಲ ಎನ್ನುತ್ತಿದ್ದೇನೆ, ಅಷ್ಟೆ.

ಮಾದಪ್ಪನ ಮಾತು ಹಾಗಲ್ಲ, ಇಲ್ಲಿ ಭಕ್ತರ ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ. ಏಳುಮಲೆಯ ದೇವರು ಕಟ್ಟುನಿಟ್ಟಿನವನು, ಬೆಟ್ಟಕ್ಕೆ ಹೊರಟವರು ಮಾಂಸ ಮದ್ಯ ಬಿಟ್ಟು ನಡೆಯುತ್ತಾರೆ. ಕಂಸಾಳೆಯವರು ಹಾಡುವ ಮಾದೇಶ್ವರನ ಕತೆಯೂ ಉದ್ದದ್ದೇ, ಅದೂ ಸಾಲು ಸಾಲೇ. ಆದರೂ ಬಾಟ್ಲಿಯ ಮುಚ್ಚಳ ತಿರುಗುವ ಮೊದಲೇ ಅದು ಮುಗಿಯಬೇಕು. ಇನ್ನೊಂದು ವ್ಯಾವಹಾರಿಕ ಕಾರಣವೂ ಇದೆ. ಸಂಕಮ್ಮನ ಸಾಲಿನಲ್ಲಿ ಬರುವುದು ಹೆಂಡತಿಯನ್ನು ಶಂಕಿಸಿ, ಹಿಂಸಿಸಿ ಕಾಡಿಗೆ ಹೋಗುವ ಗಂಡ. ಮೂರನೆಯ ಗ್ಲಾಸಿನಲ್ಲಿ ಹೆಂಡತಿಯ ಮೇಲೆ ದೂರು ಹೇಳಲು ತೊಡಗಿರುವ ಗಂಡಸರ ನಡುವೆ ಅದು ಮೊಳಗಿದರೆ ಗೋಷ್ಠಿ ಅಲ್ಲಿಗೇ ಬರಖಾಸ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ರಂಗಪ್ಪನನ್ನು ಭಾವ ಎನ್ನುತ್ತಾರೆ, ಅವರ ಕುಸುಮಾಲೆಯನ್ನು ಮದುವೆಯಾದವನಲ್ಲವೇ. ಭಾವನ ಎದುರು ಸಲಿಗೆ ನಡೆಯುತ್ತದೆ. ಆದರೆ ಅವರ ಗೊರುಕನ ಹಾಡಿಗೆ ಎದ್ದು ಸುತ್ತು ಕುಣಿಯಬೇಕು, ಗ್ಲಾಸು ಹಿಡಿದ ಕೈಗೆ ಅದು ಆಗದ ಕೆಲಸ.

ಮನೆಯೊಳಗಿನಿಂದ ಬರುವ ಆಕ್ಷೇಪ ಎಲ್ಲಕ್ಕಿಂತ ನೇರ: ಕುಡಿತಕ್ಕೆ ಸಂಗೀತದ ಸಿಂಗಾರ ಬೇರೆ ಕೇಡು. ಸಾರಾಯಿ ಪ್ಯಾಕೆಟ್ಟನ್ನು ಹಲ್ಲಲ್ಲಿ ಕಚ್ಚಿ ನಿಂತಲ್ಲೇ ಗಂಟಲಿಗೆ ಸುರಿದುಕೊಂಡು ಹೋಗುತ್ತಿದ್ದ ಕಾಲವನ್ನು ಕಂಡವರ ಮಾತು ಇದು. ಸಾರಾಯಿ 2007ರ ಜುಲೈ 1ಕ್ಕೆ ನಿಂತಿತು, ಆ ಮಾತು ನಿಂತಿಲ್ಲ. ಇದಕ್ಕೆ ನನ್ನ ಸಮಾಧಾನ ಇಷ್ಟು: ಚುಟುಕು ಹಾಡು ಗ್ಲಾಸನ್ನು ಓಡಿಸುತ್ತದೆ, ಉದ್ದದ ಪದ ತಡೆದು ನಿಲ್ಲಿಸುತ್ತದೆ. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳು ಚಹಾ ಅಂಗಡಿ, ಟ್ರ್ಯಾಕ್ಟರುಗಳಲ್ಲೆಲ್ಲ ಕೇಳುತ್ತಿದ್ದಾಗ ಅಳತೆ ಸುಲಭವಿತ್ತು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಮಗ್ಗುಲು ಎರಡು; ಒಂದು ಮಗ್ಗುಲಿಗೆ ಒಂದು ನೈಂಟಿ. ಕ್ಯಾಸೆಟ್ಟು ತಿರುವಿ ಹಾಕುವ ಕೈ ನಡುಗಿದರೆ ಆ ರಾತ್ರಿಗೆ ಸಾಕು ಎಂದರ್ಥ. ಇಂಥ ತೂಕದ ಯಂತ್ರ ಅಬಕಾರಿ ಇಲಾಖೆಯ ಬಳಿಯೂ ಇರಲಿಲ್ಲ. ಈಗ ಮೊಬೈಲಿಗೆ ಮಗ್ಗುಲೇ ಇಲ್ಲ. ಮಂಟೇಸ್ವಾಮಿ ಕಲ್ಯಾಣದ ಬಾಗಿಲಿಗೆ ಬಂದು ನಿಂತ ಗಳಿಗೆಗೆ ಸರಿಯಾಗಿ ಸಾಲದ ಆ್ಯಪಿನ ಜಾಹೀರಾತು ಬರುತ್ತದೆ, ಐದು ಸೆಕೆಂಡು ಕಾದು ಒತ್ತುವಷ್ಟು ಎಚ್ಚರ ಯಾರಿಗಿದೆ ಎಂಬುದೇ ಈಗಿನ ಪರೀಕ್ಷೆ.

ಉಳಿದದ್ದು ಯಾವ ಸಾಲು ಹಾಕಬೇಕೆಂಬ ಪ್ರಶ್ನೆ. ಕಲ್ಯಾಣದ ಸಾಲಿನಿಂದ ಶುರುಮಾಡಿ. ಗಡಿಗೆ ಹೊತ್ತ ಗುರು ಬೇಗ ಬರುತ್ತಾರೆ, ಕೂತವರಿಗೆ ಧೈರ್ಯ ಹೆಚ್ಚುತ್ತದೆ. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹಲಗೂರಿಗೆ ಹೋಗುವ ಭಾಗ ರಸವತ್ತಾದದ್ದು ನಿಜ, ಪವಾಡದ ಮೇಲೆ ಪವಾಡ. ಆದರೆ ಅದನ್ನು ಮೂವರಿಗಿಂತ ಹೆಚ್ಚು ಜನ ಇರುವಲ್ಲಿ ಹಾಕಬೇಡಿ. ಪಾಂಚಾಳರು ಕಬ್ಬಿಣ ಕೊಡಬೇಕಿತ್ತೋ, ಕೇಳಿದವರಿಗೆಲ್ಲ ಕೊಡುತ್ತ ಹೋದರೆ ಕುಲುಮೆ ನಡೆಯುವುದು ಹೇಗೋ ಎಂದು ಅವರ ಪರ ವಕಾಲತ್ತು ಹಿಡಿಯುವವನೊಬ್ಬ ಪ್ರತಿ ಗುಂಪಿನಲ್ಲೂ ಇರುತ್ತಾನೆ, ಅವನು ಆ ಹೊತ್ತಿಗೆ ನಾಲ್ಕನೆಯ ಗ್ಲಾಸಿನಲ್ಲಿರುತ್ತಾನೆ, ಮತ್ತು ಬೈಕಿನ ಕೀಲಿ ಅವನ ಜೇಬಿನಲ್ಲೇ ಇರುತ್ತದೆ.